ಬೀಗ ಬೇಡ, ಬೆಂಚು ಕೇಳಿ

ಕಾಪುವಿನ ದೀಪಸ್ತಂಭಕ್ಕೆ, ಮಣಿಪಾಲದ ಎಂಡ್ ಪಾಯಿಂಟಿಗೆ, ಕಾರ್ಕಳದ ಬೆಟ್ಟಕ್ಕೆ ಜೋಡಿಯಾಗಿ ಬರುವ ಎಲ್ಲರಿಗೂ,



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದಕ್ಕೆ ಓದಲಿಕ್ಕಿಲ್ಲ. ಈ ಕಾಗದ ನಿಮ್ಮನ್ನು ಎಬ್ಬಿಸಿ ಮನೆಗೆ ಕಳಿಸಲಿಕ್ಕೆ ಬರೆದದ್ದಲ್ಲ. ಸಂಜೆ ಹೊತ್ತಿಗೆ ಕಾಪುವಿನ ಬಂಡೆಯ ಮೇಲೆ ಇಬ್ಬರು ಹತ್ತಿರ ಹತ್ತಿರ ಕೂತು ಸೂರ್ಯ ಮುಳುಗುವುದನ್ನು ನೋಡಿದರೆ ಸಮುದ್ರಕ್ಕೂ ನಷ್ಟವಿಲ್ಲ, ಊರಿಗೂ ಇಲ್ಲ. ನನ್ನ ತಕರಾರು ಇರುವುದು ನೀವು ಎದ್ದು ಹೋದ ಮೇಲೆ ಅಲ್ಲಿ ಉಳಿಯುವುದರ ಬಗ್ಗೆ.

ಬಂಡೆಯ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ಹೆಸರು, ಚೂಪು ಕಲ್ಲಿನಿಂದ ಕೆರೆದ ಹೃದಯ, ಅದರೊಳಗೆ ತೂರಿದ ಬಾಣ, ಗೋಡೆಯ ಸುಣ್ಣ ಏಳುವ ಹಾಗೆ ಬೀಗದ ಕೈಯಲ್ಲಿ ಗೀರಿದ ತಾರೀಕು: ಇವೆಲ್ಲ ಹಳೆಯವು. ಈಗ ಮೊಬೈಲಿನಲ್ಲಿ ಪ್ಯಾರಿಸ್ಸಿನ ಸೇತುವೆ, ಸಿಯೋಲ್ ನಗರದ ನಮ್‌ಸಾನ್ ಗೋಪುರ ನೋಡಿ ಹೊಸತೊಂದು ಆಸೆ ಹುಟ್ಟಿದೆ. ಇಬ್ಬರ ಹೆಸರು ಬರೆದ ಬೀಗವೊಂದನ್ನು ರೇಲಿಂಗಿಗೆ ಸಿಕ್ಕಿಸಿ, ಕೀಲಿಕೈಯನ್ನು ನೀರಿಗೆಸೆದು, ವಿಡಿಯೊ ಮಾಡುವುದು. ಕಾಪುವಿನಲ್ಲಿ ಕಡಲುಂಟು, ಕಪ್ಪು ಬಿಳಿ ಪಟ್ಟೆಯ ದೀಪಸ್ತಂಭವುಂಟು, ಹಿಡಿದುಕೊಳ್ಳಲು ರೇಲಿಂಗೂ ಉಂಟು. ಬೀಗ ಒಂದೇ ಬಾಕಿ ಎಂದು ಯಾರಿಗಾದರೂ ಅನ್ನಿಸಿದರೆ ಅದು ಆಶ್ಚರ್ಯದ ವಿಷಯವೇನಲ್ಲ. ಆ ಬೀಗ ಅಂಗಡಿಯಲ್ಲಿರುವಾಗಲೇ ನಿಮಗೆ ಈ ಪತ್ರ ತಲುಪಲಿ ಎಂಬುದು ನನ್ನ ಅವಸರ.

ಈ ಪದ್ಧತಿ ಅನಾದಿಕಾಲದ್ದು ಎಂದುಕೊಳ್ಳಬೇಡಿ. ಸರ್ಬಿಯಾದ ವ್ರ್ನ್ಯಾಚ್ಕಾ ಬಾನ್ಯಾ ಎಂಬ ಪಟ್ಟಣದಲ್ಲಿ ಇದರ ಬೇರು ಇದೆಯೆಂದು ಹೇಳುತ್ತಾರೆ. ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಶಾಲೆಯ ಟೀಚರು ನಾದಾ, ಸೈನ್ಯದ ಅಧಿಕಾರಿ ರೆಲ್ಯಾ ಎಂಬವನಿಗೆ ಮನಸ್ಸು ಕೊಟ್ಟಳಂತೆ. ಅವನು ಯುದ್ಧಕ್ಕೆಂದು ಗ್ರೀಸಿನ ಕಡೆ ಹೋದವನು ಅಲ್ಲಿಯ ಹುಡುಗಿಯನ್ನು ಕಟ್ಟಿಕೊಂಡು ಅಲ್ಲೇ ನಿಂತ. ನಾದಾ ಕೊರಗಿ ಸತ್ತಳು. ತಮ್ಮ ಗತಿಯೂ ಹಾಗಾಗದಿರಲಿ ಎಂದು ಊರಿನ ಹುಡುಗಿಯರು ಹೆಸರು ಬರೆದ ಬೀಗಗಳನ್ನು ಸೇತುವೆಗೆ ಹಾಕತೊಡಗಿದರು. ಕತೆ ನಿಜವೋ ಸುಳ್ಳೋ, ಅದರ ಒಳಗಿರುವುದು ಸಂಭ್ರಮವಲ್ಲ, ಹೆದರಿಕೆ. ಲೋಕಕ್ಕೆಲ್ಲ ಇದನ್ನು ಹಬ್ಬಿಸಿದ್ದು ಮಾತ್ರ ತೀರ ಈಚಿನ ಒಂದು ಕಾದಂಬರಿ. ಇಟಲಿಯ ಫೆದೆರಿಕೊ ಮೋಚ್ಚಾ 2006ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಾಯಕ ನಾಯಕಿ ರೋಮ್‌ನ ಮಿಲ್ವಿಯೊ ಸೇತುವೆಯ ದೀಪದ ಕಂಬಕ್ಕೆ ಬೀಗ ಹಾಕಿ ಕೀಲಿಯನ್ನು ನದಿಗೆಸೆಯುತ್ತಾರೆ. ಓದಿದವರು, ಮರುವರ್ಷ ಬಂದ ಸಿನಿಮಾ ನೋಡಿದವರು ಎಲ್ಲ ಆ ಸೇತುವೆಗೆ ಮುಗಿಬಿದ್ದರು. ಭಾರ ತಾಳದೆ ಕಂಬ ಬಾಗಿತು. 2012ರಲ್ಲಿ ನಗರಾಡಳಿತ ಬೀಗಗಳನ್ನೆಲ್ಲ ಕತ್ತರಿಸಿ ತೆಗೆಸಿತು.

ಪ್ಯಾರಿಸ್ಸಿನ ಕತೆ ಇನ್ನೂ ದೊಡ್ಡದು. ಪೋಂ ದೆಸ್ ಆರ್ ಎಂಬ ಕಾಲುಸೇತುವೆಯ ಜಾಲರಿಯಲ್ಲಿ ಬೆರಳು ತೂರಿಸಲು ಜಾಗ ಉಳಿಯಲಿಲ್ಲ. 2014ರ ಜೂನ್ 8ರಂದು ಜಾಲರಿಯ ಒಂದು ಭಾಗ ಕುಸಿದು ಬಿತ್ತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಮರುವರ್ಷ ಜೂನ್ 1ರಿಂದ ಕತ್ತರಿಸಿ ಒಯ್ದ ಬೀಗಗಳ ತೂಕ 45 ಟನ್, ಲೆಕ್ಕ ಹತ್ತಿರ ಹತ್ತಿರ ಹತ್ತು ಲಕ್ಷ. ಈಗ ಅಲ್ಲಿ ಬೀಗ ಸಿಕ್ಕಿಸಲಾಗದ ಗಾಜಿನ ಹಲಗೆಗಳಿವೆ. ಕಿತ್ತ ಬೀಗಗಳಲ್ಲಿ ಕೆಲವನ್ನು 2017ರಲ್ಲಿ ಹರಾಜು ಹಾಕಿದರು. ಬಂದ ಎರಡೂವರೆ ಲಕ್ಷ ಯೂರೊ ನಿರಾಶ್ರಿತರಿಗಾಗಿ ದುಡಿಯುವ ಸಂಸ್ಥೆಗಳಿಗೆ ಹೋಯಿತು. ಆ ಹತ್ತು ಲಕ್ಷ ಜೋಡಿಗಳಲ್ಲಿ ಎಷ್ಟು ಉಳಿದವು ಎಂಬ ಲೆಕ್ಕ ಯಾರೂ ತೆಗೆಯಲಿಲ್ಲ. ತೆಗೆಯದಿದ್ದದ್ದೇ ಒಳ್ಳೆಯದು.

ಪರದೇಶದ ಮಾತು ಇಷ್ಟು ಸಾಕು. ನಮ್ಮ ಕರಾವಳಿಗೆ ಬರೋಣ. ಇಲ್ಲಿ ಬೀಗ ಹಾಕುವವರ ಶತ್ರು ನಗರಸಭೆಯಲ್ಲ, ಉಪ್ಪು ಗಾಳಿ.

ಕಡಲ ಬದಿಯ ಮನೆಗಳ ಗೇಟಿನ ಬೀಗವನ್ನು ಯಾವತ್ತಾದರೂ ಗಮನಿಸಿದ್ದೀರಾ? ಮಳೆಗಾಲ ಹಿಡಿಯುವ ಮೊದಲು ಅದರ ತೂತಿಗೆ ಎರಡು ಹನಿ ಎಣ್ಣೆ ಬಿಡುತ್ತಾರೆ. ಮೇಲಿಂದ ಪ್ಲಾಸ್ಟಿಕ್ ತೊಟ್ಟೆ ಹೊದಿಸಿ ದಾರ ಕಟ್ಟುತ್ತಾರೆ. ಹಳೇ ಸೈಕಲ್ ಟ್ಯೂಬಿನ ತುಂಡನ್ನು ಅಂಗಿ ತೊಡಿಸಿದ ಹಾಗೆ ಏರಿಸುವವರೂ ಉಂಟು. ಇಷ್ಟು ಜೋಪಾನ ಮಾಡಿಯೂ ಆಟಿ ತಿಂಗಳು ಕಳೆಯುವಷ್ಟರಲ್ಲಿ ಕೀಲಿಕೈ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ತಿರುಗಿಸಿದರೆ ಅರ್ಧ ಒಳಗೇ ಮುರಿಯುತ್ತದೆ. ಮತ್ತೆ ಪಕ್ಕದ ಮನೆಯಿಂದ ಸುತ್ತಿಗೆ ತಂದು ಸ್ವಂತ ಮನೆಯ ಬೀಗವನ್ನೇ ಒಡೆಯಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಮಳೆ ಇಲ್ಲದ ತಿಂಗಳಲ್ಲೂ ಕಾಪುವಿನ ಬಂಡೆಯ ಮೇಲೆ ಹತ್ತು ನಿಮಿಷ ನಿಂತು ತುಟಿ ನೆಕ್ಕಿ ನೋಡಿ, ಉಪ್ಪು ಗೊತ್ತಾಗುತ್ತದೆ. ಆ ಉಪ್ಪು ಹಗಲೂ ರಾತ್ರಿ ಕಬ್ಬಿಣದ ಮೇಲೆ ಕೂರುತ್ತದೆ. ಹಾಕಿದ ಮೊದಲ ಮಳೆಗಾಲದಲ್ಲೇ ಬೀಗದ ಮೇಲಿನ ಮಾರ್ಕರಿನ ಹೆಸರು ಹೋಗಿರುತ್ತದೆ. ಉಳಿಯುವುದು ತುಕ್ಕು ಹಿಡಿದ ಒಂದು ಅನಾಮಿಕ ಗಟ್ಟಿ.

"ಹಾಗಾದರೆ ಹಿತ್ತಾಳೆಯದ್ದು ಹಾಕುತ್ತೇವೆ, ಒಳ್ಳೇ ನವತಾಲ್" ಎನ್ನುತ್ತೀರೇನೋ. ಅದು ಇನ್ನೂ ಕಷ್ಟ. ಮಲ್ಪೆ ಬಂದರಿನಲ್ಲಿ ಉಕ್ಕಿನ ಬೋಟನ್ನು ಮೇಲಕ್ಕೆಳೆದು ದುರಸ್ತಿ ಮಾಡುವಾಗ ಅದರ ಹೊಟ್ಟೆಯ ಭಾಗವನ್ನು ನೋಡಿ. ಅಲ್ಲಲ್ಲಿ ಸತುವಿನ ಗಟ್ಟಿಗಳನ್ನು ಕೂರಿಸಿರುತ್ತಾರೆ. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡಿದ್ದರೆ ಅವುಗಳಲ್ಲಿ ದುರ್ಬಲವಾದದ್ದು ಬೇಗ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಬೋಟಿನ ಉಕ್ಕು ಉಳಿಯಲಿ ಎಂದು ಸತುವನ್ನು ಬಲಿ ಕೊಡುವ ಉಪಾಯ ಅದು. ನಿಮ್ಮ ಹಿತ್ತಾಳೆ ಬೀಗವನ್ನು ಕಬ್ಬಿಣದ ರೇಲಿಂಗಿಗೆ ತಗಲಿಸಿದಾಗ ಇದೇ ಆಟ ತಿರುಗಿ ನಡೆಯುತ್ತದೆ. ಬಲಿಯಾಗುವುದು ರೇಲಿಂಗು. ಪೈಪಿನ ಮೇಲೆ ಸತುವಿನ ಲೇಪವಿದ್ದರೆ ಬೀಗ ತಾಗಿದ ಕಡೆ ಮೊದಲು ಅದು ಹೋಗುತ್ತದೆ, ಆಮೇಲೆ ಕಬ್ಬಿಣ. ನೀವು ಮದುವೆಯಾಗಿ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅದೇ ಬೀಗ ತೋರಿಸಲು ಬಂದು ಒರಗುವುದು ಆ ಪೈಪಿಗೇ. ಯೋಚನೆ ಮಾಡಿ ಮಾರಾಯ್ರೆ.

ಅದಿರಲಿ, ಕಾಪುವಿನ ದೀಪಸ್ತಂಭವೇನು ಪಾರ್ಕಿನ ಬೊಂಬೆಯಲ್ಲ. 1901ರಲ್ಲಿ ಬ್ರಿಟಿಷರ ಕಾಲದಲ್ಲಿ ಆ ಬಂಡೆಯ ನೆತ್ತಿಯಲ್ಲಿ ಕಟ್ಟಿದ, 27 ಮೀಟರ್ ಎತ್ತರದ ಅದು ಈಗಲೂ ಕೆಲಸದಲ್ಲಿದೆ. ಸಂಜೆ ಟಿಕೆಟ್ ಕೊಂಡು ಸುರುಳಿ ಮೆಟ್ಟಿಲು ಹತ್ತಿ ಮೇಲಿನ ಕೈಸಾಲೆಯಲ್ಲಿ ನಾವು ಫೋಟೊ ತೆಗೆಯುತ್ತೇವೆ ನಿಜ. ಆದರೆ ದೀಪ ಹೊತ್ತುವುದು ನಮಗಾಗಿ ಅಲ್ಲ, ಕತ್ತಲಲ್ಲಿ ಕಡಲ ಮೇಲಿರುವವರಿಗಾಗಿ. 1927ರ ಹಳೇ ಲೈಟ್‌ಹೌಸ್ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯ್ದೆ ಬಂದಿದೆ. ದೀಪಸ್ತಂಭಕ್ಕೆ ಹಾನಿ ಮಾಡುವುದು ಅದರ ಪ್ರಕಾರ ಅಪರಾಧ. ಕೀಲಿಕೈಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ಪ್ರೇಮಿಗಳು ಕಣಿವೆಗೆಸೆಯುವ ಕೀಲಿಗಳ ಬಗ್ಗೆ ಅಲ್ಲಿನ ಉದ್ಯಾನದವರು 2023ರಲ್ಲಿ ಎಚ್ಚರಿಕೆ ಕೊಟ್ಟರು. ಅಳಿವಿನಂಚಿನಲ್ಲಿರುವ ಕಾಂಡೋರ್ ಹದ್ದುಗಳು ಹೊಳೆಯುವುದನ್ನೆಲ್ಲ ನುಂಗುತ್ತವೆ, ಲೋಹ ಅರಗದೆ ಸಾಯುತ್ತವೆ. ಕಾಪುವಿನಲ್ಲಿ ಕಾಂಡೋರ್ ಇಲ್ಲ. ಬರಿಗಾಲಲ್ಲಿ ಬಂಡೆಯ ಸಂದಿಯಲ್ಲಿ ಓಡಾಡುವ ಮಕ್ಕಳಿದ್ದಾರೆ, ಗಾಳ ಹಾಕಿ ಕೂರುವವರಿದ್ದಾರೆ.

ಇನ್ನು ಕಲ್ಲಿನ ಮೇಲಿನ ಹೆಸರು. ಬೀಗಕ್ಕಿಂತ ನನಗೆ ಹೆಚ್ಚು ಸಂಕಟ ಇದರದ್ದು.

ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುತ್ತೀರಲ್ಲ, ಅಲ್ಲಿ ಜೋಡಿಸಿಟ್ಟ ಹಾಗೆ ಕಾಣುವ ಆರು ಮೂಲೆಯ ಕಲ್ಲುಕಂಬಗಳು ಲಾವಾ ತಣಿದು ಆದಂಥವು. ಭೂವಿಜ್ಞಾನ ಸರ್ವೇಕ್ಷಣ ಇಲಾಖೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಮಡಗಾಸ್ಕರ್ ಭಾರತದ ಒಡಲಿನಿಂದ ಕಳಚಿಕೊಂಡ ಕಾಲದ ಕಲ್ಲುಗಳಿವು, ಸುಮಾರು 8.8 ಕೋಟಿ ವರ್ಷ ಹಳೆಯವು ಎನ್ನುತ್ತಾರೆ ವಿಜ್ಞಾನಿಗಳು. ಅಂದರೆ ನಮ್ಮ ಕರಾವಳಿಯ ಅತಿ ದೊಡ್ಡ ಅಗಲಿಕೆಗೆ ಸಾಕ್ಷಿಯಾದ ಕಲ್ಲು. ಎಂದೆಂದಿಗೂ ಅಗಲುವುದಿಲ್ಲ ಎಂದು ಬರೆಯಲು ಇದಕ್ಕಿಂತ ಅಪಶಕುನದ ಹಲಗೆ ಸಿಗಲಿಕ್ಕಿಲ್ಲ!

ಕಾರ್ಕಳಕ್ಕೆ ಹೋಗೋಣ. ಬೆಟ್ಟದ ಮೇಲಿನ 42 ಅಡಿಯ ಗೊಮ್ಮಟನನ್ನು ವೀರಪಾಂಡ್ಯ ಭೈರರಸ 1432ರ ಫೆಬ್ರವರಿ 13ರಂದು ನಿಲ್ಲಿಸಿದ. ಎದುರಿನ ಬ್ರಹ್ಮದೇವರ ಕಂಬ 1436ರದ್ದು. ಆಚೆ ಗುಡ್ಡದಲ್ಲಿ 108 ಕಂಬಗಳ ಚತುರ್ಮುಖ ಬಸದಿ, 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು; ನಾಲ್ಕು ದಿಕ್ಕಿನಿಂದ ಬಂದರೂ ಒಂದೇ ಥರದ ಬಾಗಿಲು. ಇವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ಕಡೆ ಗೀಚಿ ವಿರೂಪ ಮಾಡಿದವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಇದು ಬೋರ್ಡಿನಲ್ಲೇ ಬರೆದಿರುತ್ತದೆ. ಕೆಲವೊಮ್ಮೆ ಆ ಬೋರ್ಡಿನ ಮೇಲೂ ಹೃದಯ ಇರುತ್ತದೆ.

ಗೊಮ್ಮಟನ ಮಗ್ಗುಲಿನ ಶಾಸನದಲ್ಲಿ ಯಾರ ಹೆಸರಿದೆ? ಮಾಡಿಸಿದ ಅರಸನದ್ದು, ಮಾಡಿಸು ಎಂದ ಗುರು ಲಲಿತಕೀರ್ತಿಯದ್ದು. ನಮ್ಮ ನಾಡಿನ ಶಾಸನಗಳ ರೀತಿಯೇ ಹಾಗೆ. ಇಂಥವರು ಇಂಥದ್ದನ್ನು ಕೊಟ್ಟರು, ಇಷ್ಟು ಗದ್ದೆ, ಇಷ್ಟು ಅಕ್ಕಿ, ದೀಪಕ್ಕೆ ಇಷ್ಟು ಎಣ್ಣೆ. ಇದನ್ನು ಅಳಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ. ಕಲ್ಲಿನಲ್ಲಿ ಹೆಸರು ಬರಬೇಕಾದರೆ ಕೈಯಿಂದ ಏನಾದರೂ ಬಿಚ್ಚಬೇಕಾಗಿತ್ತು.

ನಿಮ್ಮಲ್ಲಿ ಇತಿಹಾಸ ಓದಿದವರು ಇಲ್ಲಿ ನನ್ನನ್ನು ಹಿಡಿಯಬಹುದು. ಶ್ರವಣಬೆಳಗೊಳದ ಬಂಡೆಗಳ ಮೇಲೆ ಏನೂ ಕೊಡದ ಬಡ ಯಾತ್ರಿಕರ ಹೆಸರುಗಳೂ ಇವೆಯಲ್ಲ? ಇವೆ, ಎಷ್ಟೋ ಇವೆ. ಇಂಥವರು ಬಂದು ದೇವರಿಗೆ ಕೈಮುಗಿದರು, ಅಷ್ಟೇ. ಬಿ.ಎಲ್. ರೈಸ್ 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರೆ, ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಸಂಪುಟದಲ್ಲಿ ಆ ಲೆಕ್ಕವನ್ನು 500ಕ್ಕೆ ಏರಿಸಿದರು, ಈ ಒಂದೊಂದು ಸಾಲಿನ ಹೆಸರುಗಳನ್ನೂ ಬಿಡದೆ. ಇಂದು ವಿದ್ವಾಂಸರು ಅವನ್ನು ಮುತ್ತಿನ ಹಾಗೆ ನೋಡುತ್ತಾರೆ. ಹಾಗಿದ್ದರೆ ನಮ್ಮ ಹೆಸರೂ ಸಾವಿರ ವರ್ಷದ ಮೇಲೆ ಮುತ್ತಾಗಬಾರದೇಕೆ ಎಂದರೆ ನನ್ನಲ್ಲಿ ಪಕ್ಕಾ ಉತ್ತರವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಆ ಯಾತ್ರಿಕ ತಿಂಗಳುಗಟ್ಟಲೆ ನಡೆದು ಬಂದವನು, ಬರೆಯಲು ಬಲ್ಲವರೇ ಕಡಿಮೆಯಿದ್ದ ಕಾಲದವನು, ಬರಿಬಂಡೆಯ ಮೇಲೆ ಬರೆದವನು. ನೀವು ಬರೆಯುವ ಕಲ್ಲಿನ ಮೇಲೆ ನಿಮಗಿಂತ ಮೊದಲೇ ಹತ್ತು ಜೋಡಿ ಬರೆದಿದೆ. ಇಬ್ಬರ ಮೇಲೆ ಇನ್ನಿಬ್ಬರು, ಅವರ ಮೇಲೆ ಮತ್ತಿಬ್ಬರು. ಕೊನೆಗೆ ಯಾರ ಹೆಸರನ್ನೂ ಓದಲು ಬರುವುದಿಲ್ಲ. ಹೊಸ ನರಸಿಂಹಾಚಾರ್ಯರು ಹುಟ್ಟಿ ಬಂದರೂ ಕೈಚೆಲ್ಲಬೇಕು.

2023ರಲ್ಲಿ ರೋಮ್‌ನ ಕೊಲೊಸಿಯಮ್ಮಿನ ಇಟ್ಟಿಗೆಯ ಮೇಲೆ ಒಬ್ಬ ಪ್ರವಾಸಿ ತನ್ನ ಹೆಸರನ್ನೂ ಗೆಳತಿಯ ಹೆಸರನ್ನೂ ಬೀಗದ ಕೈಯಲ್ಲಿ ಗೀರುತ್ತ ವಿಡಿಯೊದಲ್ಲಿ ಸಿಕ್ಕಿಬಿದ್ದ. ಆಮೇಲೆ ನಗರದ ಮೇಯರಿಗೆ ಕ್ಷಮಾಪಣೆ ಪತ್ರ ಬರೆದು, ಅದು ಅಷ್ಟೊಂದು ಹಳೆಯ ಕಟ್ಟಡವೆಂದು ಗೊತ್ತಾದದ್ದೇ ಈಗ ಎಂದ. ನಗಬೇಡಿ. ಕಾರ್ಕಳದ ಬೆಟ್ಟ ಹತ್ತಿದವರಲ್ಲಿ 1432 ಎಂಬ ಇಸವಿ ಎಷ್ಟು ಜನರಿಗೆ ಗೊತ್ತಿರುತ್ತದೆ?

ಕಾಪುವಿನ ಬಂಡೆಯ ಮೇಲಿನ ಬರಹಗಳನ್ನು ನಾನು ಒಂದು ಸಂಜೆ ಕೂತು ನಿಧಾನವಾಗಿ ಓದಿದೆ. ಪೂರ್ತಿ ಹೆಸರುಗಳು ಕಡಿಮೆ. ಇದ್ದರೂ ಹುಡುಗನದ್ದು. ಹುಡುಗಿಯದ್ದು ಹೆಚ್ಚಿನ ಕಡೆ ಒಂದೇ ಇಂಗ್ಲಿಷ್ ಅಕ್ಷರ, ಎಸ್, ಆರ್, ಇಲ್ಲವೇ ಪಿ. ಎಸ್ ಅಂದರೆ ಸುಮಾ ಇರಬಹುದು, ಸಬೀನಾ ಇರಬಹುದು, ಸ್ಟೆಲ್ಲಾ ಇರಬಹುದು. ಬರೆದವನಿಗೆ ಗೊತ್ತು, ಬರೆಸಿಕೊಂಡವಳಿಗೆ ಗೊತ್ತು, ಮೂರನೆಯವರಿಗೆ ಗೊತ್ತಾಗಬಾರದು. ಲೋಕಕ್ಕೆಲ್ಲ ಸಾರಬೇಕೆಂಬ ಆಸೆ, ಲೋಕಕ್ಕೆ ಗೊತ್ತಾದೀತೆಂಬ ಭಯ, ಎರಡೂ ಆ ಒಂದಕ್ಷರದಲ್ಲೇ ಇವೆ. ಅಲ್ಲಿಂದ ನಂತರ ನನಗೆ ನಿಮ್ಮ ಮೇಲಿನ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಒಂದು ಜಾಗದಲ್ಲಿ ಸಂಶಯವಿಲ್ಲದೆ ಕೂತುಕೊಳ್ಳಲು ಬಿಡದಿದ್ದರೆ ಮನುಷ್ಯರು ಅಲ್ಲಿ ಗುರುತಾದರೂ ಬಿಟ್ಟು ಹೋಗುತ್ತಾರೆ. ನಾವೂ ಇಲ್ಲಿದ್ದೆವು ಎಂದು.

ಯಾಕೆ ಹೀಗೆ ಹೇಳುತ್ತೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ದೇಶವಿಡೀ ಟಿವಿಯಲ್ಲಿ ಕಂಡಿತು. ಸಾಕ್ಷ್ಯ ಸಾಲದೆಂದು 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿ ನಡೆಯಿತು. ಅವು ಹೆಸರಾದ ಪ್ರಕರಣಗಳು. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಮುಗಿದುಹೋಗುವಂಥವು ಬೇರೆ ಇರುತ್ತವೆ: ಬೀಚಿನಲ್ಲಿ ಕೂತಿದ್ದ ಇಬ್ಬರ ಹೆಸರು ಕೇಳಿದರು, ಗುರುತಿನ ಚೀಟಿ ಕೇಳಿದರು, ವಿಡಿಯೊ ಮಾಡಿದರು. ಹೆಸರು ಕೇಳುವುದು ಯಾವ ಜಾತಿ, ಯಾವ ಧರ್ಮ ಎಂದು ತಿಳಿಯಲಿಕ್ಕೆ. ನಿಮ್ಮನ್ನು ಗದರಿಸುವ ಅಧಿಕಾರ ಅವರಿಗೆ ಕೊಟ್ಟವರು ಯಾರು? ಯಾರೂ ಕೊಟ್ಟಿಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಒಂದಾದರೆ ಮನೆಯವರಾಗಲಿ ಊರ ಪಂಚಾಯಿತಿಯಾಗಲಿ ಅಡ್ಡ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಶಕ್ತಿ ವಾಹಿನಿ ಪ್ರಕರಣದಲ್ಲಿ 2018ರ ಮಾರ್ಚ್ 27ರಂದೇ ಹೇಳಿದೆ.

ಈಗ ಇನ್ನೊಂದು ಗೋಡೆಯ ಕತೆ ಕೇಳಿ. ನೀವು ಇಬ್ಬರೂ ಬೇರೆ ಬೇರೆ ಧರ್ಮದವರಾಗಿದ್ದು, ಯಾರೂ ಯಾವುದಕ್ಕೂ ಮತಾಂತರವಾಗದೆ ಮದುವೆಯಾಗಬೇಕೆಂದರೆ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ನಿಮ್ಮಲ್ಲಿ ಒಬ್ಬರಾದರೂ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಅದರಲ್ಲಿ ಹೆಸರು, ವಯಸ್ಸು, ಉದ್ಯೋಗ, ಈಗಿರುವ ವಿಳಾಸ, ಖಾಯಂ ವಿಳಾಸ ಎಲ್ಲ ಇರುತ್ತದೆ. ಅಧಿಕಾರಿ ಅದನ್ನು ಪುಸ್ತಕದಲ್ಲಿ ದಾಖಲಿಸಿ ಕಚೇರಿಯಲ್ಲಿ ನಾಲ್ಕು ಜನರಿಗೆ ಕಾಣುವ ಕಡೆ ಅಂಟಿಸುತ್ತಾರೆ. ಆ ಪುಸ್ತಕವನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು, 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಒಂದಕ್ಷರದಲ್ಲಿ ಅಡಗಿ ಕೂತ ಎಸ್ ಅಲ್ಲಿ ತನ್ನ ಓಣಿ, ಮನೆ ನಂಬರಿನ ಸಮೇತ ಗೋಡೆಗೆ ಬರುತ್ತಾಳೆ. ಆ ಮೂವತ್ತು ದಿನ ಹೇಗೆ ಕಳೆಯುತ್ತದೆಂದು ಕಳೆದವರಿಗೇ ಗೊತ್ತು. ಅಲಹಾಬಾದ್ ಹೈಕೋರ್ಟು 2021ರ ಜನವರಿಯಲ್ಲಿ, ಈ ನೋಟಿಸನ್ನು ಪ್ರಕಟಿಸುವುದು ಬಿಡುವುದು ಜೋಡಿಯ ಇಷ್ಟಕ್ಕೆ ಬಿಟ್ಟದ್ದು ಎಂದಿತು. ಅದು ಉತ್ತರ ಪ್ರದೇಶದ ಮಾತು. ನಮ್ಮ ಕಚೇರಿಗಳ ಬೋರ್ಡಿಗೆ ಅದು ಮುಟ್ಟಿಲ್ಲ.

ನಿಮ್ಮ ಶಕ್ತಿ ಹೋಗಬೇಕಾದದ್ದು ಆ ಬೋರ್ಡಿನ ಕಡೆಗೆ. ನೀವು ಬೇಡವೆಂದರೂ ಹೆಸರು ಅಂಟುವ ಗೋಡೆ ಅಲ್ಲೊಂದಿರುವಾಗ, ಯಾರೂ ಕೇಳದ ಗೋಡೆಯ ಮೇಲೆ ನೀವೇ ಹೆಸರು ಅಂಟಿಸಿ ಪ್ರಯೋಜನವೇನು? ರೇಲಿಂಗಿನ ಬೀಗ ಯಾರನ್ನೂ ಕಾಯುವುದಿಲ್ಲ. ಹೆಸರು ಕೇಳಲು ಬಂದವನು ಅದನ್ನು ನೋಡಿ ಹಿಂದೆ ಸರಿಯುವುದೂ ಇಲ್ಲ.

ಗುರುತು ಬಿಡಲೇಬೇಕು ಎನ್ನುವವರಿಗೆ ನಮ್ಮ ಕಡೆ ಬೇರೆ ರೂಢಿಗಳಿವೆ. ಬೆಳ್ತಂಗಡಿ ತಾಲೂಕಿನ ಸೂರ್ಯ ಸದಾಶಿವ ರುದ್ರ ದೇವಸ್ಥಾನದ ಹರಕೆ ಬನ ನೋಡಿದವರಿಗೆ ಗೊತ್ತು. ಅಲ್ಲಿ ಹರಕೆ ಒಪ್ಪಿಸುವುದು ಮಣ್ಣಿನ ಗೊಂಬೆಗಳಲ್ಲಿ. ಮನೆ ಬೇಕೆಂದವರು ಮಣ್ಣಿನ ಮನೆ ಇಡುತ್ತಾರೆ, ಮಗು ಬೇಕೆಂದವರು ಮಗುವಿನ ಗೊಂಬೆ. ಬನದ ಮರಗಳ ನೆರಳಿನಲ್ಲಿ ಅವು ರಾಶಿ ಬಿದ್ದಿರುತ್ತವೆ, ಹಳೆಯವು ಪಾಚಿ ಹಿಡಿದು ಮಣ್ಣಿಗೆ ಸೇರುತ್ತವೆ, ಹೊಸವು ಮೇಲೆ ಬರುತ್ತವೆ. ಗೊಂಬೆಯ ಮೇಲೆ ಯಾರ ಹೆಸರೂ ಬೇಕಿಲ್ಲ. ಕೇಳಿಕೊಂಡವರು ಯಾರೆಂದು ದೇವರಿಗೆ ಗೊತ್ತಿದ್ದರೆ ಸಾಕು. ದೇವರಲ್ಲಿ ನಂಬಿಕೆಯಿಲ್ಲದವರಿಗೆ ನಾನು ಇದನ್ನು ಒತ್ತಾಯ ಮಾಡುವುದಿಲ್ಲ. ಅಂಥವರಿಗೆ ಮಲ್ಲಿಗೆಯುಂಟು.

ಕಾಪು ತಾಲೂಕಿನಲ್ಲೇ, ಕಟಪಾಡಿಯಿಂದ ಸ್ವಲ್ಪ ಒಳಗೆ ಶಂಕರಪುರವಿದೆ. ಜಿಐ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯ ತವರು. ಅಂಗಳದ ಬದಿಯ ಹತ್ತಿಪ್ಪತ್ತು ಗಿಡಗಳಿಂದ ಮನೆ ನಡೆಸಿದ, ಮಕ್ಕಳನ್ನು ಓದಿಸಿದ ಹೆಂಗಸರ ಊರು. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನಕ್ಕೂ ಬೇರೆ. ಮದುವೆಯ ಕಾಲದಲ್ಲಿ, ಕೋಲ ನೇಮಗಳ ಹೊತ್ತಿನಲ್ಲಿ ಅಟ್ಟೆಗೆ ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು, ಮಳೆ ಹಿಡಿದ ದಿನ ಕೇಳುವವರಿಲ್ಲದೆ ಇಳಿದದ್ದೂ ಉಂಟು. ಸೀಸನ್ನಿನಲ್ಲಿ ಒಳ್ಳೇ ಹಿತ್ತಾಳೆ ಬೀಗಕ್ಕಿಂತ ಹೂವೇ ತುಟ್ಟಿ. ಹಾಗಾಗಿ ಅಗ್ಗದ ಪ್ರೀತಿಯೆಂದು ಯಾರೂ ಹೇಳಲಿಕ್ಕಿಲ್ಲ, ಧೈರ್ಯವಾಗಿ ಕೊಳ್ಳಿ. ಹುಡುಗನಿಗೆ ಹುಡುಗಿ ಕೊಡಿಸಿದರೂ ಅಡ್ಡಿಲ್ಲ. ಬಾಡಿದ ಮೇಲೆ ಬೇಲಿ ಬುಡಕ್ಕೆ ಹಾಕಿದರಾಯಿತು, ನಾರೂ ಸೇರಿ ಗೊಬ್ಬರ. ನಾಳೆ ಮತ್ತೆ ಕೊಡಿಸಬೇಕಾಗುತ್ತದೆ ಎಂಬುದೊಂದು ಕಷ್ಟ. ಒಮ್ಮೆ ಹಾಕಿ ಮರೆಯುವ ಸೌಕರ್ಯ ಬೀಗಕ್ಕಿದೆ, ಹೂವಿಗಿಲ್ಲ.

ಇನ್ನು ಬೆಂಚಿನ ವಿಷಯ. ನಮ್ಮಲ್ಲಿ ಏನೂ ಕೊಳ್ಳದೆ ಇಬ್ಬರು ಒಂದು ಗಂಟೆ ಕೂತು ಮಾತಾಡಬಹುದಾದ ಜಾಗ ಎಷ್ಟಿವೆ, ಎಣಿಸಿ. ಎಂಡ್ ಪಾಯಿಂಟಿನಲ್ಲಿ ಕೆಳಗೆ ಸ್ವರ್ಣೆ ಹರಿಯುವುದು ಕಾಣುತ್ತದೆ, ಮಣ್ಣಪಳ್ಳದ ಕೆರೆ ಸುತ್ತ ನಡೆಯುವ ದಾರಿಯಿದೆ, ಕಾರ್ಕಳದಲ್ಲಿ ಆನೆಕೆರೆಯಿದೆ. ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು; ಸ್ವಚ್ಛತೆ, ಶೌಚಾಲಯ, ಜೀವರಕ್ಷಕರು ಎಲ್ಲ ಇದ್ದರೆ ಬೀಚು ಹೇಗಿರಬಹುದೆಂದು ಅಲ್ಲಿ ಹೋಗಿ ನೋಡಿದರೆ ಗೊತ್ತಾಗುತ್ತದೆ. ಅಷ್ಟು ಎಲ್ಲ ಕಡೆಗೂ ಬೇಕು. ಬೆಳಕು ಬೇಕು, ಹೆಂಗಸರು ಧೈರ್ಯವಾಗಿ ಹೋಗಬಹುದಾದ ಶೌಚಾಲಯ ಬೇಕು, ಕತ್ತಲಾದ ಮೇಲೂ ಒಬ್ಬ ಪೊಲೀಸು ಕಾಣಬೇಕು, ಅದೂ ಜೋಡಿಗಳನ್ನು ಎಬ್ಬಿಸಲಿಕ್ಕಲ್ಲ, ಎಬ್ಬಿಸಲು ಬಂದವರನ್ನು ತಡೆಯಲಿಕ್ಕೆ. ಇದರಿಂದ ಲಾಭ ನಿಮಗೊಬ್ಬರಿಗೇ ಅಲ್ಲ. ಮೊಣಕಾಲು ನೋವಿನ ಅಜ್ಜ ಅಜ್ಜಿಯೂ ಒಂದು ಜೋಡಿಯೇ. ಮನೆ ತುಂಬ ಮೊಮ್ಮಕ್ಕಳಿದ್ದು ಮಾತಾಡಲು ಪುರುಸೊತ್ತು ಸಿಗದ ಅವರಿಗೂ ಕಡಲ ಬದಿಯಲ್ಲಿ ಒಂದು ಬೆಂಚು ಸಿಗಲಿ.

ಇದಕ್ಕೆ ಅರ್ಜಿ ಬರೆಯಬೇಕು. ಕಾಪುವಿನ ಪುರಸಭೆಗೆ, ಜಿಲ್ಲಾಧಿಕಾರಿಯವರಿಗೆ, ಪ್ರವಾಸೋದ್ಯಮ ಇಲಾಖೆಗೆ ಒಂದೊಂದು ಪ್ರತಿ. ಮದುವೆ ನೋಟಿಸಿನ ವಿಷಯಕ್ಕೆ ಬೇರೆಯೇ ಮನವಿ, ಅದು ಶಾಸಕರಿಗೂ ಸಂಸದರಿಗೂ ಹೋಗಲಿ. ಬಂಡೆಯ ಮೇಲೆ ಬರೆಯುವ ಅರ್ಧದಷ್ಟು ಜೋಡಿಗಳು ಈ ಕಾಗದದ ಮೇಲೆ ಹೆಸರು ಬರೆದರೂ ಕಚೇರಿಯವರು ತಿರುಗಿ ನೋಡುತ್ತಾರೆ. ಇಲ್ಲಿ ಮಾತ್ರ ಒಂದಕ್ಷರ ನಡೆಯುವುದಿಲ್ಲ, ಪೂರ್ತಿ ಹೆಸರು, ವಿಳಾಸ ಬೇಕಾಗುತ್ತದೆ. ಬರೆಯಲು ಕಷ್ಟವಿರುವವರ ಕಷ್ಟ ನನಗೆ ಅರ್ಥವಾಗುತ್ತದೆ. ಅಂಥವರ ಬದಲಿಗೆ ನಮ್ಮಂಥ ಹಳೇ ಜೋಡಿಗಳು ಸಹಿ ಹಾಕಬಹುದು. ಕರಡು ತಯಾರು ಮಾಡಿದರೆ ಓದಿ ತಪ್ಪು ತಿದ್ದಿಕೊಡುತ್ತೇನೆ. ಮೊದಲ ಎರಡು ಸಹಿ ನನ್ನದೂ ನನ್ನ ಮನೆಯವರದ್ದೂ ಇರಲಿ.

ಇಂತಿ,
ಕಾಪು ಕಡೆಯ ಒಬ್ಬ ಹಿರಿಯ